ಹಾವು ಹಿಡಿಯಲು ಕಲಿಸಿ ಅಂದವರ ಕೈಗೆ ಮೊದಲು ಫೋನ್

ಮಳೆಗಾಲಕ್ಕೆ ಮುಂಚೆ ಉಡುಪಿಯಲ್ಲಿ ನಮ್ಮ ಸಣ್ಣ ತಂಡ ಹೊಸ ಸ್ವಯಂಸೇವಕರಿಗೆ ತರಬೇತಿ ಕೊಡುತ್ತದೆ, ಹಾವು, ಹಕ್ಕಿ, ಕಬ್ಬೆಕ್ಕು ಇಂಥವುಗಳ ರಕ್ಷಣೆ, ಆರೈಕೆ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಕಾಗದ, ವಾಟ್ಸ್ಆ್ಯಪ್ ಎಲ್ಲ ಸೇರಿ ಒಂದು ರಾಶಿ ಬಂದಿವೆ. ಅರ್ಧಕ್ಕಿಂತ ಜಾಸ್ತಿ ಹಾವಿನದೇ. ಹಾಗಾಗಿ ಅದರಿಂದಲೇ ಶುರು.

ನಾನು ಬಿಎಸ್ಸಿ ಎರಡನೇ ವರ್ಷ. ಹಾವು ಹಿಡಿಯಲು ಕಲಿಯಬೇಕು. ಯೂಟ್ಯೂಬ್‌ನಲ್ಲಿ ತುಂಬಾ ನೋಡಿದ್ದೇನೆ, ಭಯ ಇಲ್ಲ. ಎಷ್ಟು ದಿನದಲ್ಲಿ ಕಲಿಸುತ್ತೀರಿ? ಸರ್ಟಿಫಿಕೇಟ್ ಉಂಟಾ?
— ವಿದ್ಯಾರ್ಥಿ, ಸುರತ್ಕಲ್

ಭಯ ಇಲ್ಲ ಅಂದಿರಲ್ಲ, ನನಗೆ ಅಲ್ಲೇ ಭಯ ಶುರುವಾಯಿತು ಮಾರಾಯ್ರೆ.

ನಮ್ಮಲ್ಲಿ ಮೊದಲ ಮೂರು ಭಾನುವಾರ ಯಾರ ಕೈಗೂ ಪ್ರಾಣಿ ಕೊಡುವುದಿಲ್ಲ. ಕೊಡುವುದು ಫೋನ್. ಕರೆ ಬಂದಾಗ ಏನು ಕೇಳಬೇಕು ಅನ್ನುವುದನ್ನು ಕಲಿಯಲಿಕ್ಕೇ ಅಷ್ಟು ದಿನ ಬೇಕು. ಆ ಕಡೆಯಿಂದ "ಹಾವುಂಟು, ಬೇಗ ಬನ್ನಿ" ಅಂತ ಯಾರೋ ಕಿರುಚುತ್ತಿರುತ್ತಾರೆ, ಹಿಂದೆ ನಾಯಿ ಬೊಗಳುತ್ತಿರುತ್ತದೆ. ಯಾರಿಗಾದರೂ ಕಚ್ಚಿದೆಯಾ? ಈಗ ಎಲ್ಲುಂಟು, ಮನೆಯೊಳಗಾ, ಅಂಗಳದಲ್ಲಾ? ನಾಯಿಯನ್ನು ಕಟ್ಟಿದಿರಾ? ದೂರದಿಂದಲೇ ಒಂದು ಫೋಟೋ ಕಳಿಸಲು ಆಗುತ್ತದಾ? ಇಷ್ಟು ಕೇಳುವಷ್ಟರಲ್ಲಿ ಎಷ್ಟೋ ಸಲ ಹಾವು ತೆಂಗಿನಕಟ್ಟೆ ದಾಟಿ ತೋಟ ಸೇರಿಯಾಗಿರುತ್ತದೆ. ಫೋಟೋ ನೋಡಿದರೆ ಕೇರೆ. ಅದಕ್ಕಾಗಿ ಮಣಿಪಾಲದಿಂದ ಸ್ಕೂಟರಿನಲ್ಲಿ ಓಡಬೇಕಾಗಿಲ್ಲ. ಅಂಗಳದ ಹಾವಿಗೆ ದಾರಿ ಬಿಟ್ಟರೆ ಸಾಕು, ಅದಕ್ಕೂ ನಮ್ಮ ಜೊತೆ ಇರಲು ಆಸೆ ಇಲ್ಲ.

ಆಮೇಲೆ ಗುರುತು ಹಿಡಿಯುವುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಮದ್ದು ಕೆಲಸ ಮಾಡುತ್ತದೆ. ಘಟ್ಟದ ಬುಡದ ತೋಟಗಳಲ್ಲಿ ಇನ್ನೊಂದು ಉಂಟು, ಮೂಗಿನ ತುದಿ ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲ. ಒಣಗಿದ ಎಲೆಯ ನಡುವೆ ಎಲೆಯ ಹಾಗೇ ಕೂತಿರುತ್ತದೆ. ಅದರ ವಿಷಕ್ಕೆ ಈ ಮದ್ದು ನಾಟುವುದಿಲ್ಲ. ಹೆಬ್ಬಾವಿನ ಮರಿ ಅಂದುಕೊಂಡು ಕೊಳಕುಮಂಡಲವನ್ನು ಕೈಯಲ್ಲಿ ಎತ್ತಿದವರೂ ಇದ್ದಾರೆ, ಅವರು ಕೂಡ ಯೂಟ್ಯೂಬ್ ನೋಡಿದವರೇ.

ಕೊಕ್ಕೆ, ಪೈಪ್, ಚೀಲ ಬರುವುದು ಇದೆಲ್ಲ ಆದ ಮೇಲೆ. ಪಿವಿಸಿ ಪೈಪಿನ ಒಂದು ಬಾಯಿಗೆ ಬಟ್ಟೆಯ ಚೀಲ ಕಟ್ಟಿ ನೆಲದ ಮೇಲಿಟ್ಟರೆ ಹಾವು ಕತ್ತಲೆ ಹುಡುಕಿಕೊಂಡು ತಾನೇ ಒಳಗೆ ಹೋಗುತ್ತದೆ. ನೋಡುವವರಿಗೆ ಇದರಲ್ಲಿ ಏನೂ ಮಜಾ ಇಲ್ಲ. ಬಾಲ ಹಿಡಿದು ಎತ್ತಿ ಊರವರಿಗೆ ತೋರಿಸುವುದು, ಸೆಲ್ಫಿ, ರೀಲ್ಸ್, ಇದರಲ್ಲಿ ಯಾವುದು ಮಾಡಿದರೂ ಮಾರನೇ ಭಾನುವಾರ ಬರುವುದು ಬೇಡ ಅಂತ ಹೇಳುತ್ತೇವೆ. ಇಬ್ಬರಿಗೆ ಹೇಳಿಯೂ ಆಗಿದೆ.

ಸರ್ಟಿಫಿಕೇಟ್ ವಿಷಯ. ನಾವು ಕೊಡುವುದು ಸುಮ್ನೆ ಒಂದು ಕಾಗದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ. ಅರಣ್ಯ ಇಲಾಖೆಗೆ ತಿಳಿಸದೆ ಹಾವನ್ನು ಡಬ್ಬಿಯಲ್ಲಿ ತುಂಬಿ ಮನೆಯಲ್ಲಿಟ್ಟುಕೊಂಡರೆ ನಿಮ್ಮ ಒಳ್ಳೆ ಮನಸ್ಸನ್ನು ಯಾರೂ ಕೇಳುವುದಿಲ್ಲ. ನಿಮ್ಮ ವಲಯ ಅರಣ್ಯಾಧಿಕಾರಿಗೆ ನಿಮ್ಮ ಗುರುತು ಇರಬೇಕು, ಅವರ ಒಪ್ಪಿಗೆ ಇರಬೇಕು. ಪಕ್ಕದ ಕೇರಳದಲ್ಲಿ ಅರಣ್ಯ ಇಲಾಖೆಯೇ ಹಾವು ರಕ್ಷಕರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುತ್ತದೆ, 'ಸರ್ಪ' ಅನ್ನುವ ಆ್ಯಪ್‌ನಲ್ಲಿ ಹತ್ತಿರದ ರಕ್ಷಕರನ್ನು ಜನ ಹುಡುಕಬಹುದು. ನನಗೆ ಕೇಳಿದರೆ, ಹೀರೋಗಳು ಕಡಿಮೆಯಾಗಿ ಕೆಲಸಗಾರರು ಜಾಸ್ತಿ ಆಗುವ ದಾರಿ ಅದೇ.

ಕಾಳಿಂಗದ ಆಸೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಘಟ್ಟದ ಬುಡದ ಹೆಬ್ರಿ ಕಡೆಯಿಂದ ಕಾಳಿಂಗದ ಕರೆ ಬಂದರೆ ಹೊಸಬರು ಗೇಟಿನ ಹೊರಗೆ. ಘಟ್ಟದ ಕಾಳಿಂಗ ಬೇರೆಯೇ ಪ್ರಭೇದ ಅಂತ 2024ರಲ್ಲಿ ಗುರುತಿಸಿದ ವಿಜ್ಞಾನಿಗಳು ಅದಕ್ಕೆ ನಮ್ಮ ಹೆಸರನ್ನೇ ಇಟ್ಟರು, ಒಫಿಯೊಫೇಗಸ್ ಕಾಳಿಂಗ ಅಂತ. ಖುಷಿಯಾಗುತ್ತದೆ, ಅಲ್ವಾ? ಆಗುಂಬೆಯಲ್ಲಿ ಇದಕ್ಕೆ ಸಣ್ಣ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಹಿಂಬಾಲಿಸಿದಾಗ, ತನ್ನ ಜಾಗದಿಂದ ಒಯ್ದು ದೂರ ಬಿಟ್ಟ ಗಂಡು ಹಾವು ನೆಲೆ ನಿಲ್ಲದೆ ಅಲೆದಾಡಿದ್ದು ಕಂಡಿತು. ಹಾಗಾಗಿ "ದೂರ, ದಟ್ಟ ಕಾಡಿಗೆ ಬಿಟ್ಟು ಬನ್ನಿ" ಅಂತ ಮನೆಯವರು ಎಷ್ಟೇ ಕೇಳಿಕೊಂಡರೂ ಹಾವನ್ನು ಸಿಕ್ಕಿದ ಜಾಗದ ಹತ್ತಿರವೇ ಬಿಡುವುದು. ಮನೆಯವರನ್ನು ಒಪ್ಪಿಸುವುದು ಹಾವು ಹಿಡಿಯುವುದಕ್ಕಿಂತ ಕಷ್ಟ.

ಮೊದಲ ಸಲ ನಿಮ್ಮ ಕೈಗೆ ಏನು ಬರಬಹುದು ಹೇಳಲಾ? ಬಲೆಗೆ ಸಿಕ್ಕಿದ ಕೇರೆ. ಹೋದ ಏಪ್ರಿಲ್‌ನಲ್ಲಿ ಹಿರಿಯಡಕದ ಹತ್ತಿರ ಒಂದು ಮನೆ, ನವಿಲು ಬಾರದ ಹಾಗೆ ತರಕಾರಿ ಸಾಲಿಗೆ ನೈಲಾನ್ ಬಲೆ ಕಟ್ಟಿದ್ದರು. ಅದರಲ್ಲಿ ಆರಡಿ ಕೇರೆ, ನಾಲ್ಕು ಕಡೆ ಬಲೆ ಮೈಯೊಳಗೆ ಇಳಿದಿತ್ತು. ಮೊದಲು ಮಾಡಿದ್ದು ಹಾವು ಇದ್ದಷ್ಟು ಬಲೆಯನ್ನು ಕತ್ತರಿಸಿ, ಎಲ್ಲವನ್ನೂ ಒಟ್ಟಿಗೆ ನೆರಳಿಗೆ ತಂದದ್ದು. ಒಬ್ಬರು ಒದ್ದೆ ಬಟ್ಟೆ ಮುಚ್ಚಿ ತಲೆ ಹಿಡಿದರು. ಇನ್ನೊಬ್ಬರು ಮೊಂಡು ತುದಿಯ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ. ಕತ್ತರಿ ತಲೆ ಕಡೆಯಿಂದ ಬಾಲದ ಕಡೆಗೆ ಹೋಗಬೇಕು, ಉಲ್ಟಾ ತೂರಿಸಿದರೆ ಹುರುಪೆ ಎದ್ದು ಬರುತ್ತದೆ. ನಲವತ್ತು ನಿಮಿಷ ಹಿಡಿಯಿತು, ಯಾರೂ ಮಾತಾಡಲಿಲ್ಲ. ಬಲೆ ಬಿಡಿಸಿದ ಕೂಡಲೇ ಬಿಡಲಿಲ್ಲ, ಯಾಕೆಂದರೆ ಬಿಗಿದ ಜಾಗದ ಮಾಂಸ ಕೊಳೆಯಲು ಶುರುವಾಗುವುದು ಎರಡು ಮೂರು ದಿನದ ನಂತರ. ಪಶುವೈದ್ಯರು ನೋಡಿ ಸರಿ ಅಂದ ಮೇಲೆ ಅದೇ ತೋಟದ ಆಚೆ ಬದಿಗೆ ಬಿಟ್ಟೆವು.

ನಿನ್ನೆ ಗಾಳಿಮಳೆಗೆ ಹಕ್ಕಿ ಮರಿಯೊಂದು ಬಿದ್ದಿದೆ. ಮಗಳು ಬಾಕ್ಸಿನಲ್ಲಿಟ್ಟು ಫಿಲ್ಲರಿನಲ್ಲಿ ಹಾಲು ಕೊಡುತ್ತಿದ್ದಾಳೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲವಂತೆ, ಹೌದಾ?
— ಗೃಹಿಣಿ, ಬ್ರಹ್ಮಾವರ

ಇದಕ್ಕೆ ಆವತ್ತೇ ಫೋನ್ ಮಾಡಿ ಹೇಳಿದ್ದೇನೆ, ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಹಾಲು ನಿಲ್ಲಿಸಿ. ಹಕ್ಕಿಗೆ ಹಾಲು ಜೀರ್ಣ ಆಗುವುದಿಲ್ಲ. ಫಿಲ್ಲರನ್ನೂ ಎತ್ತಿಡಿ.

ಫಿಲ್ಲರ್ ಬಗ್ಗೆ ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನಾನು ಈ ಕೆಲಸಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ಪಿಕಳಾರದ ಮರಿಯನ್ನು ಅದರಿಂದಲೇ ಕೊಂದಿದ್ದೇನೆ. ಬಾಯಿ ಕಳೆದು ಕೂತಿತ್ತು, ಬಾಯಾರಿಕೆ ಇರಬೇಕು ಅಂತ ಎರಡು ಹನಿ ನೀರು ಬಿಟ್ಟೆ. ಹಕ್ಕಿಗೆ ಉಸಿರಿನ ದಾರಿ ನಾಲಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ಮೇಲಿಂದ ಬಿಟ್ಟ ನೀರು ಸೀದಾ ಅಲ್ಲಿಗೇ ಹೋಗುತ್ತದೆ. ಒಮ್ಮೆ ಸೀನಿದ ಹಾಗೆ ತಲೆ ಕೊಡವಿತು, ಅಷ್ಟೇ. ನನ್ನ ಅಂಗೈಯಲ್ಲೇ ಹೋಯಿತು. ಈಗಲೂ ಹೊಸ ಬ್ಯಾಚಿಗೆ ಮೊದಲು ಹೇಳುವ ಕಥೆ ಇದು.

ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ಸುಳ್ಳು. ಮೈತುಂಬ ಪುಕ್ಕ ಬಂದು, ಗಿಡ್ಡ ಬಾಲ ಇಟ್ಟುಕೊಂಡು ಕುಪ್ಪಳಿಸುವ ಮರಿಯಾದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿರುವುದು. ಪಕ್ಕದ ಗಿಡದ ಮೇಲಿಟ್ಟು, ಬೆಕ್ಕನ್ನು ಒಳಗೆ ಹಾಕಿ, ನೀವೂ ಒಳಗೆ ಹೋಗಿ. ನೀವು ಅಂಗಳದಲ್ಲಿ ನಿಂತಿರುವಷ್ಟು ಹೊತ್ತು ತಾಯಿ ಬರುವುದಿಲ್ಲ. ಪುಕ್ಕ ಬಾರದ ಮರಿಯಾದರೆ ಗೂಡಿಗೇ ವಾಪಸ್. ಗೂಡು ಹಾಳಾಗಿದ್ದರೆ ತೂತು ಮಾಡಿದ ತೆಂಗಿನ ಗೆರಟೆಯನ್ನೋ ಸಣ್ಣ ಬುಟ್ಟಿಯನ್ನೋ ಅದೇ ಮರಕ್ಕೆ ಕಟ್ಟಿ. ರಕ್ತ ಬಂದಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ ಮಾತ್ರ ಬಾಕ್ಸ್. ಕತ್ತಲೆ, ಬೆಚ್ಚಗೆ, ಸದ್ದಿಲ್ಲದ ಕೋಣೆ. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ನೋಡುವುದು ಬೇಡ ಅಂತ ಮಗಳಿಗೆ ಹೇಳಿ.

ನಮ್ಮದು ಹಳೇ ಹಂಚಿನ ಮನೆ. ಅಟ್ಟದಲ್ಲಿ ಕಬ್ಬೆಕ್ಕು ಮೂರು ಮರಿ ಹಾಕಿದೆ. ಮರಿ ತುಂಬಾ ಚಂದ, ಒಂದನ್ನು ಸಾಕಬಹುದಾ?
— ಕುಂದಾಪುರ

ಇಲ್ಲ. ಗಿಳಿಯನ್ನು ಪಂಜರದಲ್ಲಿ ಸಾಕುವುದೇ ತಪ್ಪು ಅಂತ ಕಾನೂನು ಹೇಳುವಾಗ ಕಬ್ಬೆಕ್ಕಿನ ಮಾತು ಬೇಡ. ಮರಿ ದೊಡ್ಡದಾದ ಹಾಗೆ ತಾಯಿಯೇ ಕರೆದುಕೊಂಡು ಹೋಗುತ್ತದೆ, ಸ್ವಲ್ಪ ದಿನ ಅಟ್ಟದ ಸದ್ದು ಸಹಿಸಿಕೊಳ್ಳಿ. ನಿಜವಾಗಿ ತಾಯಿ ಸತ್ತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ದನದ ಹಾಲು ಕೊಡಬೇಡಿ, ಭೇದಿಯಾಗಿ ಸಾಯುತ್ತವೆ. ನಮ್ಮಲ್ಲಿ ಇಂಥ ಮರಿಗಳನ್ನು ನೋಡಿಕೊಳ್ಳುವುದು ಒಬ್ಬರೇ, ಅವರೂ ಮರಿಯ ಹತ್ತಿರ ಮಾತಾಡುವುದಿಲ್ಲ, ಹೆಸರಿಡುವುದಿಲ್ಲ. ಮನುಷ್ಯರ ಬಳಿ ಓಡಿ ಬರುವ ಕಬ್ಬೆಕ್ಕನ್ನು ಕಾಡಿಗೆ ಬಿಟ್ಟರೆ ಅದು ಮತ್ತೊಬ್ಬರ ಅಡುಗೆ ಮನೆಗೆ ಹೋಗಿ ಪೆಟ್ಟು ತಿನ್ನುತ್ತದೆ.

ಹಾಂ, ಹಲ್ಲಿರುವ ಪ್ರಾಣಿ ಮುಟ್ಟುವವರಿಗೆ ಮೊದಲೇ ರೇಬಿಸ್ ಲಸಿಕೆ ಆಗಿರಬೇಕು. ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಲಸಿಕೆ ಚೀಟಿ ತೋರಿಸದವರಿಗೆ ನಮ್ಮಲ್ಲಿ ಕೈಗವಸು ಕೊಡುವುದಿಲ್ಲ. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಚೀಟಿ ಇದ್ದವರೂ ಮುಟ್ಟಬಾರದು, ಆರೋಗ್ಯ ಇಲಾಖೆಗೆ ತಿಳಿಸಿ. ಮಂಗನ ಕಾಯಿಲೆ ಹರಡುವುದು ರಕ್ತ ಹೀರುವ ಉಣ್ಣಿಯಿಂದ, ಮಂಗ ಸತ್ತ ಜಾಗದಲ್ಲಿ ಆ ಉಣ್ಣಿಗಳು ಉದುರಿರುತ್ತವೆ.

ನಮ್ಮ ಊರಲ್ಲಿ ಬಾವಿಗೆ ಚಿರತೆ ಬಿದ್ದಾಗ ಯುವಕ ಮಂಡಲದವರು ಹಗ್ಗ ಹಿಡಿದು ಓಡಿದೆವು, ಅರಣ್ಯದವರು ಬೈದು ಕಳಿಸಿದರು. ನಾವು ಎಂತ ತಪ್ಪು ಮಾಡಿದ್ದು?
— ಕಿನ್ನಿಗೋಳಿ

ಬೈದದ್ದು ಬೇಜಾರೇ, ಆದರೆ ಹಗ್ಗ ಅಲ್ಲಿ ಬೇಕಿರಲಿಲ್ಲ. ನಿಮ್ಮ ಪಕ್ಕದಲ್ಲೇ, ಕಟೀಲು ಹತ್ತಿರದ ನಿಡ್ಡೋಡಿಯಲ್ಲಿ 2023ರಲ್ಲಿ ಬಾವಿಯ ಪೊಟರೆಯಲ್ಲಿ ಅಡಗಿದ್ದ ಚಿರತೆಗೆ ಅರಿವಳಿಕೆ ಕೊಡಲು ಪಶುವೈದ್ಯೆಯೊಬ್ಬರು ಬೋನಿನೊಳಗೆ ಕೂತು ಬಾವಿಗೆ ಇಳಿದದ್ದು ನಿಮಗೆ ನೆನಪಿರಬಹುದು. ಚಿರತೆ ಹೊರಗೆ, ಮನುಷ್ಯರು ಬೋನಿನಲ್ಲಿ. ಅಂಥ ಕೆಲಸ ಮಾಡುವವರಿಗೆ ಬೇಕಾದದ್ದು ಮೇಲೆ ಸದ್ದಿಲ್ಲದ ಬಾವಿಕಟ್ಟೆ. ಮುನ್ನೂರು ಜನ ಬಗ್ಗಿ ನೋಡುತ್ತಾ ಮೊಬೈಲ್ ಲೈಟ್ ಬಿಡುತ್ತಿದ್ದರೆ ಪ್ರಾಣಿ ಏಣಿ ಇಳಿಸಿದರೂ ಹತ್ತುವುದಿಲ್ಲ.

ನಿಮ್ಮ ಯುವಕ ಮಂಡಲ ಮಾಡಬಹುದಾದದ್ದು ಇದು: ರಸ್ತೆಯಲ್ಲೇ ಜನರನ್ನು ತಡೆಯಿರಿ. ಇಲಾಖೆಯ ಜೀಪಿಗೆ ದಾರಿ ಬಿಡಿಸಿ. ಬಾವಿಯ ಪಂಪಿನ ಕರೆಂಟ್ ತೆಗೆಯಿರಿ. ನೀರು ಆಳ ಇದ್ದರೆ, ಇಲಾಖೆಯವರು ಹೇಳಿದ ಮೇಲೆ, ಹಳೇ ಮಂಚವನ್ನೋ ಅಡಿಕೆ ಮರದ ತುಂಡನ್ನೋ ಹಗ್ಗದಲ್ಲಿ ಇಳಿಸಿದರೆ ಅದರ ಮೇಲೆ ಕೂತು ಜೀವ ಉಳಿಸಿಕೊಳ್ಳುತ್ತದೆ. ನಿಮ್ಮ ಹಗ್ಗಕ್ಕೆ ಕೆಲಸ ಆಗ. ಆಮೇಲೆ, ಎಲ್ಲ ಮುಗಿದ ಮೇಲೆ, ಊರಲ್ಲಿ ಕಟ್ಟೆ ಇಲ್ಲದ ಬಾವಿ ಎಷ್ಟುಂಟು ಅಂತ ಲೆಕ್ಕ ಹಾಕಿ ಪಂಚಾಯಿತಿಗೆ ಕೊಡಿ.

ಬಲೆಯಲ್ಲಿ ಕಡಲಾಮೆ ಬಂದರೆ ಕೆಲವು ಸತ್ತ ಹಾಗೆ ಇರುತ್ತವೆ. ವಾಪಸ್ ನೀರಿಗೆ ಹಾಕಿಬಿಡುತ್ತೇವೆ. ಸರಿಯಾ?
— ಮೀನುಗಾರ, ಮಲ್ಪೆ

ಅಣ್ಣ, ಕೂಡಲೇ ಹಾಕಬೇಡಿ. ಆಮೆ ಉಸಿರಾಡುವುದು ನಮ್ಮ ಹಾಗೆ ಶ್ವಾಸಕೋಶದಿಂದ, ಬಲೆಯಲ್ಲಿ ನೀರು ಕುಡಿದು ಪ್ರಜ್ಞೆ ತಪ್ಪಿರುತ್ತದೆ. ಹಾಗೇ ಹಾಕಿದರೆ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗಾಗಿ ಇಟ್ಟು, ಹಿಂಭಾಗವನ್ನು ಬಲೆಯ ಸುರುಳಿಯ ಮೇಲೋ ಟಯರಿನ ಮೇಲೋ ಒಂದು ಗೇಣು ಎತ್ತರಿಸಿ. ನೀರು ಬಾಯಿಂದ ಇಳಿಯುತ್ತದೆ. ನೆರಳಿರಲಿ, ಮೈಮೇಲೆ ಒದ್ದೆ ಗೋಣಿ ಇರಲಿ, ಮೂಗು ಮುಚ್ಚದಿರಲಿ. ಕೆಲವು ಗಂಟೆ ಬೇಕಾಗಬಹುದು, ಒಂದು ದಿನದವರೆಗೂ ಕಾಯಬಹುದು. ಚುರುಕಾಗಿ ಕೈಕಾಲು ಆಡಿಸಿದ ಮೇಲೆ, ಇಂಜಿನ್ ನಿಲ್ಲಿಸಿ, ಮೆಲ್ಲ ಇಳಿಸಿ.

ನಿಮ್ಮಂಥವರು ನಮ್ಮ ತರಬೇತಿಗೆ ಬಂದರೆ ಕಲಿಯುವುದು ನಾವೇ ಜಾಸ್ತಿ. ಚಳಿಗಾಲದಲ್ಲಿ ಬೆಳಗಿನ ಜಾವ ಮರಳಿನ ಮೇಲೆ ಟ್ರ್ಯಾಕ್ಟರ್ ಹೋದ ಹಾಗೆ ಗುರುತು ಕಂಡರೆ ಮೊಟ್ಟೆ ಇಟ್ಟು ಹೋಗಿದೆ ಅಂತ ನಿಮಗೆ ಗೊತ್ತು, ನಮ್ಮ ಪೇಟೆ ಹುಡುಗರಿಗೆ ಗೊತ್ತಿಲ್ಲ. ಆ ಮೊಟ್ಟೆ ಮಾತ್ರ ತೆಗೆದು ಬೇರೆ ಕಡೆ ಹೂಳಬೇಡಿ. ಮಗುಚಿದರೆ ಒಳಗಿನ ಜೀವ ಹೋಗುತ್ತದೆ. ಇಲಾಖೆಗೆ ಹೇಳಿ, ನಾಯಿ ಬಾರದ ಹಾಗೆ ಕಾಯಿರಿ. ಮರಿ ಬರಲು ಸುಮಾರು 45ರಿಂದ 60 ದಿನ.

ನನಗೆ 61 ವರ್ಷ, ಮಂಡಿನೋವು, ಹಾವು ಕಂಡರೆ ಆಗುವುದಿಲ್ಲ. ಆದರೂ ಏನಾದರೂ ಮಾಡಬೇಕು ಅನಿಸುತ್ತದೆ.
— ನಿವೃತ್ತ ಶಿಕ್ಷಕಿ, ಮಂಗಳೂರು

ಟೀಚರ್, ನಮಗೆ ಬೇಕಾದದ್ದು ನೀವೇ. ಫೋನಿನ ಮುಂದೆ ಕೂತು ಗಾಬರಿಯಾದವರನ್ನು ಸಮಾಧಾನ ಮಾಡಲು ಮೂವತ್ತು ವರ್ಷ ತರಗತಿ ನಡೆಸಿದವರಿಗಿಂತ ಒಳ್ಳೆಯವರು ಸಿಗುವುದಿಲ್ಲ. ಯಾವ ಪ್ರಾಣಿ, ಎಲ್ಲಿ, ಎಷ್ಟು ಹೊತ್ತಿಗೆ, ಯಾರಿಗೆ ಒಪ್ಪಿಸಿದೆವು ಅಂತ ಪುಸ್ತಕದಲ್ಲಿ ಬರೆದಿಡಲೂ ಜನ ಬೇಕು, ನಮ್ಮ ಹುಡುಗರ ಕೈಬರಹ ಅವರಿಗೇ ಓದಲಾಗುವುದಿಲ್ಲ. ಮೊದಲ ಭಾನುವಾರ ಬರುವಾಗ ಮನೆಯಲ್ಲಿರುವ ರಟ್ಟಿನ ಪೆಟ್ಟಿಗೆ, ಹಳೇ ಪಂಚೆ, ಹತ್ತಿ ಸೀರೆ ತನ್ನಿ. ಟರ್ಕಿ ಟವೆಲ್ ಬೇಡ, ಅದರ ಎಳೆಗೆ ಮರಿಗಳ ಉಗುರು ಸಿಕ್ಕಿಹಾಕಿಕೊಳ್ಳುತ್ತದೆ.