ಅಶ್ಕೆಲೋನಿನ ಚಿಮ್ನಿ ಮತ್ತು ಮೂವತ್ತು ಸೆಕೆಂಡು

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಕಿನ್ನಿಗೋಳಿಯಿಂದ ಇಸ್ರೇಲಿನ ಈ ಅಶ್ಕೆಲೋನಿಗೆ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಇಪ್ಪತ್ತು ದಿನ ಆಯಿತು, ಅಜ್ಜಿಯ ಕೋಣೆಯ ಕಿಟಕಿಯಲ್ಲಿ ದೊಡ್ಡ ಚಿಮ್ನಿ ಕಾಣುತ್ತದೆ, ಅದು ಹಳೆಯ ಕಲ್ಲಿದ್ದಲಿನ ಕರೆಂಟ್ ಸ್ಥಾವರ, ಗಾಜಾದಿಂದ ರಾಕೆಟ್ ಬಿಡುವವರ ಕಣ್ಣು ಅದರ ಮೇಲೆಯೇ ಅಂತ ಅಜ್ಜಿಯ ಮಗ ಹೇಳಿದ, ಊರಲ್ಲಿ ಅಮ್ಮ ಅಳುತ್ತಾರೆ, ಬೇರೆ ಮನೆ ನೋಡಲಾ ಅಕ್ಕ, ಇಲ್ಲಿ ಬದುಕು ಹೇಗೆ ಅಂತ ಕೇಳಿದ್ದಿ. ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಬೇಡ. ನನಗಿಂತ ಹದಿನೆಂಟು ವರ್ಷ ಚಿಕ್ಕವಳು ನೀನು.

ನಾನು ಎರ್ಮಾಳಿನವಳು. 2009ರಲ್ಲಿ ಬಂದೆ. ಮೊದಲು ಹೈಫಾದಲ್ಲಿ ಮೂರು ವರ್ಷ, ಆಮೇಲೆಲ್ಲ ಇದೇ ಅಶ್ಕೆಲೋನ್. ಚಿಮ್ನಿ ನನಗೆ ಹೊಸತಲ್ಲ. ನಾನು ಊರು ಬಿಡುವಾಗ ಪಡುಬಿದ್ರೆ ಹತ್ತಿರ ಎಲ್ಲೂರಿನಲ್ಲಿ ಸ್ಥಾವರ ಎದ್ದು ನಿಂತಿತ್ತು, ಕರೆಂಟ್ ಹುಟ್ಟಿದ್ದು ಮರುವರ್ಷ, 2010ರಲ್ಲಿ. ಅದು 1200 ಮೆಗಾವಾಟ್, ಇಲ್ಲಿಯದು ನಾಲ್ಕು ಘಟಕ ಸೇರಿ 2250. ಹೆಚ್ಚುಕಡಿಮೆ ಎರಡು ಪಡುಬಿದ್ರೆ ಅಂತ ಇಟ್ಟುಕೋ. ಎರಡೂ ಕಡೆ ಕಲ್ಲಿದ್ದಲು ಹಡಗಿನಲ್ಲೇ ಬರುತ್ತದೆ. ನಮ್ಮಲ್ಲಿ ಪಣಂಬೂರಿನ ಬಂದರಿಗೆ ಬಂದು ಅಲ್ಲಿಂದ ರೈಲು ಹತ್ತುತ್ತದೆ. ಇಲ್ಲಿ ಸ್ಥಾವರದ ಎದುರಿಗೇ ಸಮುದ್ರದೊಳಗೆ ಉದ್ದಕ್ಕೆ ಕಟ್ಟೆ ಹಾಕಿದ್ದಾರೆ, ಹಡಗು ನೇರ ಅಲ್ಲಿಗೇ ಬಂದು ನಿಲ್ಲುತ್ತದೆ. ಸಂಜೆ ಸಮುದ್ರದ ದಂಡೆಗೆ ಹೋದರೆ ದಕ್ಷಿಣಕ್ಕೆ ತಿರುಗಿ ನೋಡು, ಕಾಣುತ್ತದೆ.

ಅದರ ಹೆಸರು ರುಟೆನ್‌ಬರ್ಗ್. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಈ ನೆಲಕ್ಕೆ ಕರೆಂಟ್ ಕಂಪನಿ ಕಟ್ಟಿದ ಎಂಜಿನಿಯರ್ ಪಿನ್ಹಾಸ್ ರುಟೆನ್‌ಬರ್ಗ್, ಅವನ ಹೆಸರು. ಮೊದಲ ಘಟಕ ಉರಿದದ್ದು 1990ರ ಸುಮಾರಿಗೆ. ಅಂದರೆ ಯಂತ್ರಕ್ಕೂ ನಿನಗೂ ಹೆಚ್ಚು ಅಂತರ ಇಲ್ಲ, ಆದರೆ ಯಂತ್ರಕ್ಕೆ ಮೂವತ್ತೈದು ಅಂದರೆ ಮುಪ್ಪು. ಇದನ್ನು ಮುಚ್ಚುತ್ತೇವೆ, ಗ್ಯಾಸಿಗೆ ತಿರುಗಿಸುತ್ತೇವೆ ಅಂತ ಹೇಳುವುದನ್ನು ನಾನು ಎಷ್ಟು ವರ್ಷದಿಂದ ಕೇಳುತ್ತಿದ್ದೇನೋ! ನಾನು ಬಂದಾಗ ಈ ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿದ್ದಲಿನದ್ದೇ. 2013ರಲ್ಲಿ ಸಮುದ್ರದ ತಮಾರ್ ಬಾವಿಯ ಗ್ಯಾಸ್ ಬಂತು, 2019ರ ಕೊನೆಗೆ ಲೆವಿಯಾಥನ್ ಬಂತು, ಕಲ್ಲಿದ್ದಲಿನ ಪಾಲು ಇಳಿಯುತ್ತಾ ಹೋಯಿತು. ಆಮೇಲೆ 2023ರ ಅಕ್ಟೋಬರ್ 7, ಗಾಜಾದಿಂದ ಹಮಾಸಿನವರು ನುಗ್ಗಿ ದಾಳಿ ಮಾಡಿದ ದಿನ. ಎರಡೇ ದಿನಕ್ಕೆ ತಮಾರ್ ಗ್ಯಾಸಿನ ವೇದಿಕೆಯನ್ನು ಸರಕಾರವೇ ನಿಲ್ಲಿಸಿತು. ಅದು ಇರುವುದು ನಮ್ಮ ಅಶ್ಕೆಲೋನಿನ ಎದುರಿನ ಸಮುದ್ರದಲ್ಲೇ, ರಾಕೆಟ್ಟಿನ ಅಳತೆಯೊಳಗೆ. ಒಂದು ತಿಂಗಳು ನಿಂತಿತು. ಗ್ಯಾಸು ಪೈಪಿನಲ್ಲಿ ಬರುವ ಸಾಮಾನು, ಕೊಳಾಯಿ ತಿರುಗಿಸಿದರೆ ಮುಗಿಯಿತು. ಕಲ್ಲಿದ್ದಲು ಹಾಗಲ್ಲ. ಮಳೆಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಮುಚ್ಚಬೇಕಾದ ಮುದುಕನನ್ನು ಯಾಕೆ ಇನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ ಅನ್ನುವುದು ನನಗೆ ಅರ್ಥವಾದದ್ದು ಆ ತಿಂಗಳು. ಕಲ್ಲಿದ್ದಲಿಗೂ ತಂಟೆ ಇಲ್ಲದೆ ಇಲ್ಲ. ಮುಂಚೆ ಹೆಚ್ಚಿನದು ಕೊಲಂಬಿಯಾದಿಂದ ಬರುತ್ತಿತ್ತು, 2024ರಲ್ಲಿ ಆ ದೇಶದ ಅಧ್ಯಕ್ಷರು ಗಾಜಾದ ಯುದ್ಧದ ಕಾರಣಕ್ಕೆ ಕಳಿಸುವುದನ್ನೇ ನಿಷೇಧಿಸಿದರು.

ಇನ್ನು ಅಜ್ಜಿಯ ಮಗ ಹೇಳಿದ್ದು. ಸುಳ್ಳಲ್ಲ. ಸ್ಥಾವರ ಇರುವುದು ಊರಿನ ದಕ್ಷಿಣದ ತುದಿಯಲ್ಲಿ, ಗಾಜಾದ ಕಡೆಗೆ. ಅದರ ಪಕ್ಕದಲ್ಲೇ ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆ, ಎಯ್ಲಾತ್‌ನಿಂದ ಬರುವ ತೈಲದ ಪೈಪಿನ ದೊಡ್ಡ ದೊಡ್ಡ ಟ್ಯಾಂಕು. ಎಲ್ಲ ಒಂದೇ ಕಡೆ. 2021ರ ಮೇ 11ರಂದು ಆ ಟ್ಯಾಂಕೊಂದಕ್ಕೆ ರಾಕೆಟ್ ಬಿದ್ದು ಬೆಂಕಿ ಹತ್ತಿತು. ಕಪ್ಪು ಹೊಗೆ ಇಡೀ ಊರಿಗೆ ಕಾಣುತ್ತಿತ್ತು, ಟಿವಿಯವರು ಅದನ್ನೇ ತೋರಿಸಿದ್ದೂ ತೋರಿಸಿದ್ದೇ. ನನ್ನ ತಮ್ಮ ಫೋನ್ ಮಾಡಿ ಸಾಮಾನು ಕಟ್ಟು ಅಂದ.

ಆದರೆ ಅದೇ ದಿನ ಇದೇ ಊರಿನಲ್ಲಿ ತೀರಿಕೊಂಡದ್ದು ಯಾರು ಗೊತ್ತುಂಟಾ? ನಮ್ಮ ಹಾಗೆಯೇ ಒಬ್ಬಳು. ಕೇರಳದವಳು, ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದಳು. ಗಂಡನ ಹತ್ತಿರ ವೀಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದಾಗ ರಾಕೆಟ್ ಮನೆಗೇ ಬಿತ್ತು. ಆ ಮನೆಯಲ್ಲಿ ಮಮಾದ್, ಅಂದರೆ ರಾಕೆಟ್ ಬಂದಾಗ ಒಳಗೆ ಕೂರುವ ಗಟ್ಟಿ ಕೋಣೆ, ಇರಲಿಲ್ಲ. ಬೀದಿಯವರಿಗೆಲ್ಲ ಇರುವ ಅಡಗುತಾಣ, ಮಿಕ್ಲಾತ್, ಓಡಿದರೆ ಒಂದು ನಿಮಿಷದ ದಾರಿ, ಸೈರನ್ ನಮಗೆ ಕೊಡುವುದು ಮೂವತ್ತು ಸೆಕೆಂಡು. ಅಜ್ಜಿಯನ್ನು ಬಿಟ್ಟು ಓಡುವ ಹಾಗೂ ಇಲ್ಲ.

ಅದಕ್ಕೇ ಹೇಳುತ್ತೇನೆ, ಚಿಮ್ನಿ ನೋಡಿ ಮನೆ ಬದಲಿಸಬೇಡ. ನಿನ್ನ ಪತ್ರ ಇಡೀ ಚಿಮ್ನಿಯದೇ ಮಾತು. ಮನೆಯಲ್ಲಿ ಮಮಾದ್ ಉಂಟಾ ಇಲ್ಲವಾ ಅಂತ ಒಂದು ಸಾಲು ಬರೆಯಲಿಲ್ಲ ನೀನು. ನನಗೆ ಹೆದರಿಕೆ ಆದದ್ದು ಅದನ್ನು ಕಂಡು.

ಮಮಾದ್ ಅಂದರೆ ಮನೆಯೊಳಗೇ ಇರುವ ಗಟ್ಟಿ ಕೋಣೆ. ದಪ್ಪ ಕಾಂಕ್ರೀಟ್ ಗೋಡೆ, ಕಬ್ಬಿಣದ ಬಾಗಿಲು, ಕಿಟಕಿಗೂ ಕಬ್ಬಿಣದ ಹಲಗೆ. 1991ರಲ್ಲಿ ಇರಾಕಿನ ಸದ್ದಾಂ ಇಲ್ಲಿಗೆ ಸ್ಕಡ್ ಕ್ಷಿಪಣಿ ಬಿಟ್ಟ ಮೇಲೆ ಹೊಸದಾಗಿ ಕಟ್ಟುವ ಮನೆಗೆಲ್ಲ ಇದು ಕಡ್ಡಾಯ ಆಯಿತು. ಅದಕ್ಕಿಂತ ಹಳೆಯ ಮನೆಗಳಲ್ಲಿ ಬಹಳ ಕಡೆ ಇಲ್ಲ. ನಮ್ಮ ಕರ್ಮ ಏನೆಂದರೆ ನಮ್ಮ ಅಜ್ಜ ಅಜ್ಜಿಯರು ಇರುವುದು ಹಳೆಯ ಮನೆಗಳಲ್ಲೇ. ಮದುವೆಯಾಗಿ ಬಂದ ಮನೆ, ಮಕ್ಕಳು ಹುಟ್ಟಿದ ಮನೆ, ಬಿಟ್ಟು ಬಾ ಅಂದರೆ ಬರುತ್ತಾರಾ? ನಮ್ಮೂರಲ್ಲಿ ಬರುತ್ತಾರಾ?

ನನ್ನದೇ ಕತೆ ಹೇಳುತ್ತೇನೆ. ಅಶ್ಕೆಲೋನಿನಲ್ಲಿ ನನ್ನ ಮೊದಲ ಮನೆ ಅಂಥದ್ದೇ. ಸಾಬಾಗೆ, ಅಂದರೆ ನಾನು ನೋಡಿಕೊಳ್ಳುತ್ತಿದ್ದ ಅಜ್ಜನಿಗೆ, ಎಂಬತ್ತೆಂಟು, ಸೊಂಟದಿಂದ ಕೆಳಗೆ ಬಲ ಇಲ್ಲ. 2012ರ ನವೆಂಬರಿನಲ್ಲಿ ಎಂಟು ದಿನ ಯುದ್ಧ ಆಯಿತು. ಮೊದಲ ಸೈರನ್ನಿಗೆ ನಾನು ಆಸ್ಪತ್ರೆಯಲ್ಲಿ ಕಲಿತ ಹಾಗೆ ಕ್ರಮವಾಗಿ ಅವರನ್ನು ಎಬ್ಬಿಸಿ, ಕೂರಿಸಿ, ಗಾಲಿಕುರ್ಚಿಗೆ ಇಳಿಸಿದೆ. ಮೆಟ್ಟಿಲ ಬುಡಕ್ಕೆ ತಲುಪುವಾಗ ನಾಲ್ಕು ನಿಮಿಷ! ಅಷ್ಟರಲ್ಲಿ ಬೀಳುವುದು ಬಿದ್ದಾಗಿತ್ತು, ಪಕ್ಕದ ಮನೆಯವರು ಕಾಫಿ ಕುಡಿಯುತ್ತಿದ್ದರು. ಸಾಬಾ ನಕ್ಕರು. ನನಗೆ ನಗು ಬರಲಿಲ್ಲ. ಮರುದಿನ ಮಗನನ್ನು ಕರೆದು, ಕಿಟಕಿ ಇಲ್ಲದ ಒಳ ಓಣಿಯಲ್ಲಿ ಮಂಚ ಹಾಕಿಸು, ಇಲ್ಲದಿದ್ದರೆ ರಾತ್ರಿ ನಾನೊಬ್ಬಳೇ ಜವಾಬ್ದಾರಿ ಹೊರುವುದಿಲ್ಲ ಅಂದೆ. ಬಂದು ಮೂರು ವರ್ಷ ಆದ ಮೇಲೆ ಮೊದಲ ಸಲ ಒಡೆಯರ ಎದುರು ಗಟ್ಟಿಯಾಗಿ ಮಾತಾಡಿದ್ದು ಅದು. ಮಂಚ ಬಂತು.

ಈಗಿನ ಸಾಫ್ತಾ, ಅಂದರೆ ಅಜ್ಜಿ, ಅವರ ಮನೆಯಲ್ಲಿ ಮಮಾದ್ ಉಂಟು. ನಾನು ಹೋದಾಗ ಅದರೊಳಗೆ ಏನಿತ್ತು ಗೊತ್ತಾ? ಇಸ್ತ್ರಿ ಮೇಜು, ಮೊಮ್ಮಗನ ಸೈಕಲ್ಲು, ಆಲಿವ್ ಉಪ್ಪಿನಕಾಯಿಯ ಡಬ್ಬಿಗಳು. ಎಲ್ಲ ತೆಗೆಸಿ ಅವರ ಮಲಗುವ ಕೋಣೆಯನ್ನೇ ಅಲ್ಲಿಗೆ ಸಾಗಿಸಿದೆ. ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟರು, ಗೋಡೆಯಲ್ಲಿ ಗಂಡನ ಪಟ ಇಲ್ಲ ಅಂತ. ಪಟ ತಂದು ತೂಗಿಸಿದ ಮೇಲೆ ಸರಿ ಹೋಯಿತು. 2023ರಲ್ಲಿ ಸೈರನ್ ನಿಲ್ಲದ ದಿನಗಳಲ್ಲಿ ನಾನು ಮಾಡಬೇಕಾದದ್ದು ಬಾಗಿಲು ಎಳೆದು ಹಿಡಿಕೆ ತಿರುಗಿಸುವುದು, ಅಷ್ಟೇ.

ಕರೆಂಟಿನ ವಿಷಯ. ಚಿಮ್ನಿ ಹತ್ತಿರ ಇದ್ದರೆ ಕರೆಂಟ್ ಹೋಗುವುದಿಲ್ಲ ಅಂತ ತಿಳಿಯಬೇಡ. ಆ ಅಕ್ಟೋಬರಿನಲ್ಲಿ ನಮ್ಮ ಬೀದಿಗೆ ಆರು ಗಂಟೆ ಇರಲಿಲ್ಲ. ಸ್ಥಾವರಕ್ಕೆ ಏನೂ ಆಗಿರಲಿಲ್ಲ, ರಾಕೆಟ್ಟಿನ ಚೂರು ಬಿದ್ದದ್ದು ಬೀದಿಯ ತಂತಿಗೆ. ಸಾಫ್ತಾ ರಾತ್ರಿ ಆಮ್ಲಜನಕದ ಯಂತ್ರದಲ್ಲಿ ಮಲಗುವವರು. ಒಂದು ಸಿಲಿಂಡರ್ ತುಂಬಿಸಿ ಇಟ್ಟಿದ್ದೆ, ಪಾರಾದೆವು. ನಿನ್ನ ಅಜ್ಜಿಗೆ ಕರೆಂಟಿನ ಯಂತ್ರ ಏನಾದರೂ ಉಂಟಾ? ಇದ್ದರೆ ಇವತ್ತೇ ಮಗನ ಹತ್ತಿರ ಸಿಲಿಂಡರ್ ಕೇಳು, ನಾಳೆ ಅಂತ ಹಾಕಬೇಡ. ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ನೀರು, ಅಜ್ಜಿಯ ಡಯಾಪರು ಮಮಾದಿನಲ್ಲೇ ಇರಲಿ.

ಕತ್ತಲೆ ಅಂದಾಗ ಇನ್ನೊಂದು ಹೇಳದೆ ಇರಲು ಆಗುವುದಿಲ್ಲ. ಇಸ್ರೇಲಿನಿಂದ ಗಾಜಾಕ್ಕೆ ಹತ್ತು ಕರೆಂಟ್ ಲೈನು ಹೋಗುತ್ತಿತ್ತು, ಸುಮಾರು 120 ಮೆಗಾವಾಟ್. ಅಲ್ಲಿ ಅವರದ್ದೇ ಒಂದು ಡೀಸೆಲ್ ಸ್ಥಾವರ ಇತ್ತು, ಅದಕ್ಕೆ ಎಣ್ಣೆ ಸಿಕ್ಕಿದರೆ ನಡೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. 2014ರ ಜುಲೈಯಲ್ಲಿ ಗಾಜಾದಿಂದ ಬಿಟ್ಟ ರಾಕೆಟ್ಟೇ ಗಾಜಾಕ್ಕೆ ಹೋಗುವ ಲೈನಿಗೆ ಬಿದ್ದು ಅಲ್ಲಿನ ಸುಮಾರು 70,000 ಜನ ಕತ್ತಲಲ್ಲಿ ಕೂತರು. 2023ರ ಅಕ್ಟೋಬರಿನಲ್ಲಿ ಇಲ್ಲಿಂದ ಹತ್ತೂ ಲೈನು ಕಡಿದರು, 11ನೇ ತಾರೀಕಿಗೆ ಎಣ್ಣೆ ಮುಗಿದು ಅವರ ಸ್ಥಾವರವೂ ನಿಂತಿತು. ಮುಂಚೆ ರಾತ್ರಿ ದಂಡೆಯಲ್ಲಿ ನಿಂತರೆ ಚಿಮ್ನಿಯ ಆಚೆಗೆ ದೂರದಲ್ಲಿ ಗಾಜಾದ ದೀಪಗಳು ಮಂಕಾಗಿ ಕಾಣುತ್ತಿದ್ದವು. ಆಮೇಲೆ ಕಾಣಲಿಲ್ಲ. ಈಚೆ ದಡದಲ್ಲಿ ನಾನು ಸಾಫ್ತಾಗೆ ಸೂಪ್ ಬಿಸಿ ಮಾಡುತ್ತಿದ್ದೆ, ಆಚೆ ಯಾವ ಅಜ್ಜಿಗೆ ಯಾರು ಏನು ಬಿಸಿ ಮಾಡಿದರೋ. ಈ ಮಾತನ್ನು ನೀನು ಆ ಮನೆಯಲ್ಲಿ ಆಡಬೇಕಾಗಿಲ್ಲ, ಅವರಿಗೂ ಅವರ ಸತ್ತವರಿದ್ದಾರೆ. ರಾತ್ರಿ ಪ್ರಾರ್ಥನೆಯಲ್ಲಿ ಹೇಳಿಕೊಂಡರೆ ಯಾರೂ ಕೇಳುವುದಿಲ್ಲ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. 2025ರ ಏಪ್ರಿಲ್‌ನಲ್ಲಿ ಕನಿಷ್ಠ ಸಂಬಳ ತಿಂಗಳಿಗೆ 6,247 ಶೆಕೆಲ್ ಚಿಲ್ಲರೆ ಆಗಿತ್ತು, ಈಗ ಎಷ್ಟು ಅಂತ ಕೇಳಿ ತಿಳಿದುಕೋ. ನಿನ್ನ ಸಂಬಳದಲ್ಲಿ ಏನೇನು ಕಡಿಯುತ್ತಾರೆ ಅಂತ ಚೀಟಿಯಲ್ಲಿ ಬರೆಸಿಕೋ, ಬಾಯಿಮಾತು ಬೇಡ. ವಾರಕ್ಕೊಂದು ರಜೆ ನಿನ್ನ ಹಕ್ಕು, ಅಜ್ಜಿ ಪಾಪ ಅಂತ ಬಿಟ್ಟುಕೊಡಬೇಡ. ನಾನು ಬಿಟ್ಟುಕೊಟ್ಟು ಎರಡು ವರ್ಷಕ್ಕೆ ಬೆನ್ನು ಹಾಳುಮಾಡಿಕೊಂಡವಳು. ಮನೆ ಬದಲಿಸುವುದಕ್ಕೆ ನಿಯಮ ಉಂಟು, ವೀಸಾಕ್ಕೆ ತಾಗುತ್ತದೆ. ಕೋಪದಲ್ಲಿ ಬ್ಯಾಗ್ ಎತ್ತಿಕೊಂಡು ಹೊರಡಬೇಡ, ಮೊದಲು ಲಿಶ್ಕಾದವರನ್ನು, ಅಂದರೆ ಕೆಲಸ ಕೊಡಿಸಿದ ಏಜೆನ್ಸಿಯವರನ್ನು, ಕೇಳು. ಅವರು ಸರಿಯಾಗಿ ಹೇಳದಿದ್ದರೆ ತೆಲ್ ಅವೀವ್‌ನಲ್ಲಿ ಕವ್ ಲಾಓವೆದ್ ಅಂತ ಸಂಸ್ಥೆ ಉಂಟು, ಕೆಲಸದವರ ಪರ ನಿಲ್ಲುತ್ತಾರೆ. ಕುಚ್ಚಲಕ್ಕಿ, ತೆಂಗಿನೆಣ್ಣೆ ತೆಲ್ ಅವೀವ್‌ನ ದೊಡ್ಡ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಹುಡುಕಿದರೆ ಸಿಗುತ್ತದೆ. ಪೂಜೆಗೆ ತೆಲ್ ಅವೀವ್‌ಗೆ ತಾಗಿರುವ ಯಾಫಾದ ಸಂತ ಆಂತೋನಿಯವರ ಇಗರ್ಜಿ. ಶಬ್ಬಾತಿಗೆ, ಅಂದರೆ ಇವರ ಶನಿವಾರದ ರಜೆಗೆ, ಬಸ್ಸು ಕಡಿಮೆ, ಜನ ಸೇರಿ ಹೋಗುವ ಶೆರೂತ್ ವ್ಯಾನ್ ನೋಡಿಕೋ.

ಅಮ್ಮನಿಗೆ ಸಮಾಧಾನ ಹೇಳಲು ಹೋಗಬೇಡ, ಆಗುವುದಿಲ್ಲ. ನಾನೂ ನನ್ನ ಅಮ್ಮನೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಟಿವಿಯಲ್ಲಿ ಇಸ್ರೇಲ್ ಅಂತ ಬಂದ ಕೂಡಲೇ ನಾನು ವಾಟ್ಸ್ಆ್ಯಪಿನಲ್ಲಿ "ಊಟ ಆಯಿತು" ಅಂತ ಕಳಿಸುತ್ತೇನೆ. ಅಷ್ಟೇ. ಊಟ ಆಯಿತು ಅಂದರೆ ಬದುಕಿದ್ದೇನೆ ಅಂತ ಅರ್ಥ. ಒಮ್ಮೆ ಬೆಳಗಿನ ನಾಲ್ಕು ಗಂಟೆಗೂ ಊಟ ಆಯಿತು ಅಂತ ಕಳಿಸಿದ್ದೇನೆ ಮಾರಾಯ್ತಿ.

ಮನೆ ಬದಲಿಸುವ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡು. ಮಧ್ಯಾಹ್ನ ಅಜ್ಜಿ ಎದ್ದ ಮೇಲೆ, ಅವರ ಮಂಚದಿಂದ ಮಮಾದಿನ ಬಾಗಿಲಿಗೆ, ಮಮಾದ್ ಇಲ್ಲದಿದ್ದರೆ ಮನೆಯ ಒಳ ಓಣಿಗೆ, ಅವರ ಕೈ ಹಿಡಿದು ನಡೆಸಿಕೊಂಡು ಹೋಗು. ಫೋನಿನಲ್ಲಿ ಸಮಯ ಹಾಕಿಕೋ. ಅವರ ನಡಿಗೆಯಲ್ಲಿ ಎಷ್ಟು ಸೆಕೆಂಡ್ ಆಯಿತು ಅಂತ ನನಗೆ ಬರೆ. ಮೂವತ್ತಕ್ಕಿಂತ ಹೆಚ್ಚಾದರೆ ಈ ಶನಿವಾರ ನಾನೇ ಬರುತ್ತೇನೆ, ಇಬ್ಬರೂ ಸೇರಿ ಮಂಚ ಸರಿಸುವ. ಅಜ್ಜಿಯ ಮಗನಿಗೂ ಇರಲು ಹೇಳು, ಮಂಚ ಭಾರ ಇರುತ್ತದೆ.