ಭೂಮಿ ತಿರುಗಿದ ಮಾತ್ರಕ್ಕೆ ಊರು ಹತ್ತಿರ ಬರುವುದಿಲ್ಲ

ಪ್ರಶ್ನೆ: ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಪಶ್ಚಿಮಕ್ಕೆ ಹೊರಟ ವಿಮಾನ ಬೇಗ ತಲುಪಬೇಕಲ್ಲವೇ? ನಂದಿಬೆಟ್ಟದ ಮೇಲೆ ಹೆಲಿಕಾಪ್ಟರ್ ನಿಂತಲ್ಲೇ ನಿಂತರೆ ಕೆಳಗೆ ಅರಬ್ಬಿ ಸಮುದ್ರ ಬರಬೇಕಲ್ಲವೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಬರುವುದಿಲ್ಲ. ದೇವನಹಳ್ಳಿಯ ವಿಮಾನಗಳನ್ನು ದಿನವೂ ನೋಡುವ ಚಿಕ್ಕಬಳ್ಳಾಪುರ ಜಿಲ್ಲೆಯಿಂದಲೇ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದು ನನಗೆ ಬೇಸರ ತಂದಿದೆ.

ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಗಾಳಿಯೂ ಅದರ ಜೊತೆಗೇ ಸಾಗುತ್ತಿದೆ. ಗಾಳಿ ಹಿಂದೆ ಉಳಿದಿದ್ದರೆ ಶ್ರೀನಿವಾಸಪುರದಲ್ಲಿ ಒಂದು ಮಾವಿನ ಮರವೂ ನಿಲ್ಲುತ್ತಿರಲಿಲ್ಲ. ರೆಕ್ಕೆಗೆ ಗೊತ್ತಿರುವುದು ಗಾಳಿ ಮಾತ್ರ. ಜೆಟ್ ವಿಮಾನದ ಗಂಟೆಗೆ 850–900 ಕಿ.ಮೀ. ವೇಗವೂ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ.

ಹಾಗೆಂದು, ಭೂಮಿಯ ತಿರುಗುವಿಕೆಗೂ ಪ್ರಯಾಣದ ಸಮಯಕ್ಕೂ ಸಂಬಂಧವೇ ಇಲ್ಲ ಎಂದು ಮಕ್ಕಳಿಗೆ ಕಲಿಸುವುದೂ ತಪ್ಪು. ಸಮಭಾಜಕದಲ್ಲಿ ನೆಲದ ವೇಗ ಗಂಟೆಗೆ ಸುಮಾರು 1,670 ಕಿ.ಮೀ.; 30 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 1,450. ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ಧ್ರುವಗಳ ಕಡೆಗೆ ಸರಿಯುವಾಗ ಈ ಹೆಚ್ಚಿನ ವೇಗವನ್ನು ಹೊತ್ತು ತರುವುದರಿಂದ ಅಲ್ಲಿನ ನೆಲಕ್ಕಿಂತ ಮುಂದೆ ಓಡುತ್ತದೆ. ಅಕ್ಷಾಂಶಗಳ ನಡುವಿನ ಉಷ್ಣತೆಯ ವ್ಯತ್ಯಾಸವೂ ಸೇರಿಕೊಂಡು, ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ ಹರಿಯುತ್ತದೆ. ಕೆಲವೊಮ್ಮೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ.

ಆದ್ದರಿಂದ ಅಲ್ಲಿ ಲಾಭವಾಗುವುದು ಪೂರ್ವಕ್ಕೆ ಹೋಗುವವರಿಗೆ. ನೀವು ಊಹಿಸಿದ್ದಕ್ಕೆ ತದ್ವಿರುದ್ಧ. 2016ರಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸತೊಡಗಿತು. ದೂರ ಹೆಚ್ಚಾಯಿತು, ಹಾರಾಟದ ಸಮಯ ಕಡಿಮೆಯಾಯಿತು.

ಟಿಕೆಟ್ಟಿನ ಎರಡು ಸಮಯಗಳನ್ನು ನೇರವಾಗಿ ಕಳೆದು ‘ಪಶ್ಚಿಮಕ್ಕೆ ಬೇಗ ತಲುಪಿದೆ’ ಎನ್ನಬೇಡಿ. ಅವು ಆಯಾ ಊರಿನ ಸ್ಥಳೀಯ ಸಮಯಗಳು.

ಪ್ರಶ್ನೆ: ಭೂಮಿ ತಿರುಗುವುದೇ ಇಲ್ಲ ಎನ್ನುವ ವಿಡಿಯೊ ನಿಜವೇ?

ಉತ್ತರ: ಸುಳ್ಳು. ವಿಮಾನವನ್ನು ಸಾಕ್ಷಿಗೆ ಎಳೆಯುವ ಇಂಥ ಸ್ವಯಂಘೋಷಿತ ಸಂಶೋಧಕರ ವಿಡಿಯೊಗಳನ್ನು ದಯವಿಟ್ಟು ಮಕ್ಕಳಿಗೆ ಕಳುಹಿಸಬೇಡಿ.

ಪ್ರಶ್ನೆ: ಭೂಮಿಯ ವಕ್ರತೆಗೆ ತಕ್ಕಂತೆ ಪೈಲಟ್ ಆಗಾಗ ವಿಮಾನದ ಮೂತಿ ತಗ್ಗಿಸಬೇಕೇ?

ಉತ್ತರ: ಬೇಡ. ಎತ್ತರವನ್ನು ಒಂದೇ ಮಟ್ಟದಲ್ಲಿ ಕಾಯ್ದುಕೊಂಡರೆ ಅದರಲ್ಲೇ ಅದೂ ಆಗುತ್ತದೆ.

ಪ್ರಶ್ನೆ: ಹಾಗಾದರೆ ಶ್ರೀಹರಿಕೋಟಾದಿಂದ ಪೂರ್ವಕ್ಕೆ ಹಾರುವ ರಾಕೆಟ್‌ಗೆ ಮಾತ್ರ ಭೂಮಿಯ ವೇಗದ ಲಾಭ ಏಕೆ?
– ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಕೇಳಬೇಕಾದ ಪ್ರಶ್ನೆ ಇದು. ಕಕ್ಷೆಗೆ ಬೇಕಾದ ವೇಗವನ್ನು ಲೆಕ್ಕ ಹಾಕುವುದು ಗಾಳಿಗೆ ಹೋಲಿಸಿ ಅಲ್ಲ, ಭೂಮಿಯ ಕೇಂದ್ರಕ್ಕೆ ಹೋಲಿಸಿ. ಉಡಾವಣಾ ವೇದಿಕೆಯಲ್ಲಿ ನಿಂತಿರುವಾಗಲೇ ರಾಕೆಟ್ಟಿಗೆ ಗಂಟೆಗೆ ಸುಮಾರು 1,600 ಕಿ.ಮೀ. ವೇಗವಿರುತ್ತದೆ, ಅದು ಅದರ ಲೆಕ್ಕಕ್ಕೆ ಜಮೆಯಾಗುತ್ತದೆ.