ಗಟ್ಟಿ ಅಂತ ಉಕ್ಕಿನಲ್ಲಿ ವಿಮಾನ ಕಟ್ಟಬಹುದಾ?

ಪ್ರಶ್ನೆ: ಉಕ್ಕು ಅಲ್ಯೂಮಿನಿಯಂಗಿಂತ ಗಟ್ಟಿ, ರೇಟೂ ಕಡಿಮೆ. ಮತ್ತೆ ವಿಮಾನವನ್ನು ಉಕ್ಕಿನಲ್ಲೇ ಯಾಕೆ ಕಟ್ಟುವುದಿಲ್ಲ?
– ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ಉತ್ತರ: ವಿಮಾನ ಕಟ್ಟುವವರಿಗೆ ಬೇಕಾದದ್ದು ಕಿಲೋಗೆ ಎಷ್ಟು ಗಟ್ಟಿ ಅನ್ನೋ ಲೆಕ್ಕ. ಸಾಧಾರಣ ಮೈಲ್ಡ್ ಸ್ಟೀಲ್ ಸುಮಾರು 400 ಮೆಗಾಪ್ಯಾಸ್ಕಲ್ (ಅಂದರೆ ಒಂದು ಚದರ ಮಿಲಿಮೀಟರಿಗೆ 400 ನ್ಯೂಟನ್ ಬಲ) ಎಳೆತ ತಡೆಯುತ್ತದೆ, ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ. ವಿಮಾನಕ್ಕೆ ಹಾಕುವ 7075 ಅಲ್ಯೂಮಿನಿಯಂ ಮಿಶ್ರಲೋಹ 570ರ ಆಸುಪಾಸು, ಸಾಂದ್ರತೆ ಬರೀ 2.8. ಎರಡರದ್ದೂ ತಂತಿ ಎಳೆದು ಎತ್ತರದಿಂದ ಇಳಿಬಿಟ್ಟರೆ, ಉಕ್ಕಿನದು ಸುಮಾರು 5 ಕಿಲೋಮೀಟರ್ ಆಗುವಷ್ಟರಲ್ಲಿ ತನ್ನ ಭಾರಕ್ಕೇ ತುಂಡಾಗುತ್ತದೆ, 7075ರದ್ದು 20 ಕಿಲೋಮೀಟರ್ ತನಕ ತಡೆಯುತ್ತದೆ. ತಂತಿ ದಪ್ಪ ಮಾಡಿದರೂ ಅಷ್ಟೇ, ಭಾರವೂ ಜೊತೆಗೇ ಏರುತ್ತದಲ್ವಾ.

ಇದಕ್ಕಿಂತ ತುಂಬಾ ಗಟ್ಟಿಯಾದ ಉಕ್ಕೂ ಇದೆ, ನಿಜ. ಲ್ಯಾಂಡಿಂಗ್ ಗೇರ್‌ಗೆ ಅದನ್ನೇ ಹಾಕುತ್ತಾರೆ, ಚಿಕ್ಕ ಜಾಗದಲ್ಲಿ ದೊಡ್ಡ ಭಾರ ಹೊರಬೇಕಲ್ಲ. ಆದರೆ ರೆಕ್ಕೆಯ ಹೊದಿಕೆ ತೆಳು ಹಾಳೆ, ಒತ್ತಡ ಬಿದ್ದರೆ ಮುರಿಯೋ ಮೊದಲೇ ಸುಕ್ಕಾಗಿ ಬಾಗುತ್ತದೆ. ಅಲ್ಲಿ ದಪ್ಪ ಮುಖ್ಯ. ಒಂದೇ ತೂಕ, ಒಂದೇ ಅಗಲದ ಹಾಳೆ ತಗೊಂಡರೆ ಅಲ್ಯೂಮಿನಿಯಂನದು ಹೆಚ್ಚುಕಡಿಮೆ ಮೂರು ಪಟ್ಟು ದಪ್ಪ ಬರುತ್ತದೆ. ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, ಲೋಹವಾಗಿ ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟೇ ಬಿಗಿಯಾಗಿದ್ದರೂ, ಆ ಹಾಳೆ ಉಕ್ಕಿನ ಹಾಳೆಗಿಂತ ಸುಮಾರು 8 ಪಟ್ಟು ಬಿಗಿಯಾಗಿ ನಿಲ್ಲುತ್ತದೆ! ಕಾಲೇಜಿನಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ತೂಕ ಒಂದು ಕಡೆ ಏರಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಅದನ್ನು ಎತ್ತಲು ದೊಡ್ಡ ರೆಕ್ಕೆ, ಅದಕ್ಕೆ ದೊಡ್ಡ ಎಂಜಿನ್, ಅದಕ್ಕೆ ಜಾಸ್ತಿ ಇಂಧನ, ಆ ಇಂಧನ ಹೊರಲು ಮತ್ತೆ ತೂಕ. ಅದಕ್ಕೇ ನಮ್ಮ ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನದ ಒಡಲಿನಲ್ಲಿ, ತೂಕದ ಲೆಕ್ಕದಲ್ಲಿ ಸುಮಾರು 45% ಕಾರ್ಬನ್ ಫೈಬರ್ ಕಾಂಪೋಸಿಟ್ (ಕಾರ್ಬನ್ ಎಳೆಗಳನ್ನು ರಾಳದಲ್ಲಿ ಅಂಟಿಸಿ ಮಾಡಿದ ವಸ್ತು). ಅದರ ಸಾಂದ್ರತೆ 1.6ರ ಸುತ್ತಮುತ್ತ. ಬಾಲದ ಫಿನ್‌ನ ಕಾಂಪೋಸಿಟ್ ಕೆಲಸ ಮಾಡಿದ್ದು ಅದೇ ಊರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್.

ಸೇತುವೆಗೆ ಉಕ್ಕೇ ಸರಿ, ಭಾರವನ್ನು ನೆಲ ಹೊರುತ್ತದೆ, ದುಡ್ಡೂ ಉಳಿಯುತ್ತದೆ.

ಇನ್ನೊಂದು, ಉಕ್ಕಿನ ಯುದ್ಧವಿಮಾನವೂ ಇತ್ತು: ಸೋವಿಯತ್ ಒಕ್ಕೂಟದ ಮಿಗ್-25. ಶಬ್ದಕ್ಕಿಂತ ಎರಡೂವರೆ ಪಟ್ಟಿಗೂ ಮೀರಿದ ವೇಗದಲ್ಲಿ ಮೈ ಎಷ್ಟು ಕಾಯುತ್ತಿತ್ತೆಂದರೆ ಸಾಮಾನ್ಯ ಅಲ್ಯೂಮಿನಿಯಂ ಅಲ್ಲಿ ಸೋತುಹೋಗುತ್ತಿತ್ತು. ಅದಕ್ಕೇ ಒಡಲಿನ ಬಹುಪಾಲು ಉಕ್ಕಿನಲ್ಲಿ ಕಟ್ಟಿದರು. ಹಾಗಾಗಿ ಲೆಕ್ಕ ಹಾಕುವಾಗ ಕೋಣೆಯ ಬಿಸಿಯಲ್ಲಿ ಅಳೆದ ಅಂಕಿ ಬೇಡ, ಆ ಭಾಗ ಕೆಲಸ ಮಾಡುವ ಬಿಸಿಯಲ್ಲಿ ಸಿಗುವ ಬಲವನ್ನು ಸಾಂದ್ರತೆಯಿಂದ ಭಾಗಿಸಿ ನೋಡಿ.